ಸಿಮೆಂಟ್ ಊರಿನ ಚರ್ಚಿಗೆ ಸುಣ್ಣದ ಮದ್ದು: ಒಂದು ರಿಪೇರಿಯ ದಿನಚರಿ

ಫೆಬ್ರವರಿ, ಎರಡನೆಯ ವಾರ

ಭಾನುವಾರದ ಆರಾಧನೆಯಲ್ಲಿ ಎರಡನೆಯ ಕೀರ್ತನೆ ನಡೆದಿತ್ತು. ಪಡುವಣ ಗೋಡೆಯಿಂದ ಊಟದ ತಟ್ಟೆಯಷ್ಟಗಲದ ಸಿಮೆಂಟ್ ಗಿಲಾವು ಕಳಚಿ ಹಾರ್ಮೋನಿಯಂ ಪಕ್ಕದಲ್ಲೇ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ನುಡಿಸುತ್ತಿದ್ದ ಹುಡುಗಿ ಒಂದು ಸ್ವರವನ್ನೂ ಬಿಡಲಿಲ್ಲ, ಆ ಧೈರ್ಯ ಬೇರೆಯೇ ಮಾತು. ಆರಾಧನೆ ಮುಗಿದ ಮೇಲೆ ಸಭಾಪಾಲಕರಾದ ಅಯ್ಯನವರು ನನ್ನ ಕಡೆ ನೋಡಿದರು. ನಮ್ಮ ಸಭೆಯಲ್ಲಿ ಸುತ್ತಿಗೆ ಹಿಡಿದು ಬದುಕಿದವನು ಈಗ ಉಳಿದಿರುವುದು ನಾನೊಬ್ಬನೇ. ಐಟಿಐ ಫಿಟ್ಟರ್, ಈಗ ನಿವೃತ್ತ. ಕಬ್ಬಿಣದ ಗುಣ ನನಗೆ ಗೊತ್ತು. ಗೋಡೆಯೂ ಕಬ್ಬಿಣದ ಹಾಗೆಯೇ ಮಾತು ಕೇಳುತ್ತದೆ ಎಂದುಕೊಂಡು ಒಪ್ಪಿಕೊಂಡೆ.

ನಮ್ಮೂರು ಶಹಾಬಾದಿನ ಹತ್ತಿರ, ಕಾಗಿಣಾ ಹೊಳೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಕೆಳಗೆ ಸುಣ್ಣಕಲ್ಲಿನ ಪದರ, ಮೇಲೆ ಎರೆಮಣ್ಣು. ತೊಗರಿ ಬೆಳೆಯುವವರು ಮಣ್ಣು ನೋಡುತ್ತಾರೆ, ಉಳಿದವರು ಕಲ್ಲು ನೋಡುತ್ತಾರೆ. 1871ರಲ್ಲಿ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಸೊಲ್ಲಾಪುರದ ಕಡೆಯಿಂದ ಬಂದು ಕಲಬುರಗಿ, ವಾಡಿ ದಾಟಿ ರಾಯಚೂರು ಮುಟ್ಟಿತು. ಕಲ್ಲು ಊರು ಬಿಟ್ಟು ಹೋಗಲು ದಾರಿಯಾಯಿತು. ಬಳಿಕ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಹುಟ್ಟಿದಾಗ ಆ ಹತ್ತರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. 1968ರಲ್ಲಿ ವಾಡಿಯಲ್ಲಿ ದೊಡ್ಡ ಕಾರ್ಖಾನೆ ಶುರುವಾಯಿತು. ಹಳೆಯ ಕಾರ್ಖಾನೆಯ ಭೋಂಗಾ (ಪಾಳಿಯ ಸೈರನ್) ನಿಂತು ಎಷ್ಟೋ ವರ್ಷಗಳಾದವು. ಆದರೂ ನಮ್ಮಲ್ಲಿ ಮುದುಕರು ಈಗಲೂ 'ಎರಡನೆಯ ಪಾಳಿಯ ಹೊತ್ತಿಗೆ ಬಾ' ಎಂದೇ ಹೇಳುತ್ತಾರೆ.

ಆ ಪಾಳಿಗಳಿಗಾಗಿ ಬಂದವರ ಚರ್ಚು ಇದು. ನಲವತ್ತೆರಡು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಗೋಪುರ ಇಲ್ಲ, ಗಂಟೆಯೂ ಇಲ್ಲ. ಬಾಗಿಲ ಪಕ್ಕದ ಬೇವಿನ ಕೊಂಬೆಗೆ ಎರಡು ಅಡಿ ರೈಲು ಹಳಿಯ ತುಂಡನ್ನು ತಂತಿಯಿಂದ ಕಟ್ಟಿದ್ದಾರೆ, ಅದಕ್ಕೆ ಬೋಲ್ಟಿನಿಂದ ಬಡಿಯುವುದು. ಅದರ ನಾದಕ್ಕೆ ನಾಚುವ ಗಂಟೆಗಳನ್ನು ನಾನು ಕೇಳಿದ್ದೇನೆ.

ಅದೇ ವಾರ, ಗುರುವಾರ

ಒಳಗೋಡೆಯನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದೆ. ಗಟ್ಟಿ ಸದ್ದು ಬಂದ ಕಡೆ ಬಿಟ್ಟೆ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿದೆ. ಸಂಜೆ ಬಾಗಿಲಲ್ಲಿ ನಿಂತು ನೋಡಿದರೆ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಇಡೀ ಚರ್ಚು ಸುತ್ತುಗಳಿಂದ ತುಂಬಿತ್ತು. ಬಣ್ಣ ಸಿಪ್ಪೆಯಂತೆ ಎದ್ದ ಕಡೆಗಳಲ್ಲಿ ಬಿಳಿ ಸವುಳು. ನಾಲಿಗೆಗೆ ಇಟ್ಟುಕೊಂಡರೆ ಉಪ್ಪು. (ಹೆಂಡತಿ ನೋಡಿ ಬೈದಳು. ತಿಳಿಯಲು ಬೇರೆ ದಾರಿ ಇರಲಿಲ್ಲ.)

ಬಿರುಕುಗಳು ಐದು. ಪ್ರತಿಯೊಂದಕ್ಕೂ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ತಾರೀಖು ಬರೆದೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಒಡೆಯದಿದ್ದರೆ ಅದು ಹಳೆಯ ಗಾಯ. ಯಂತ್ರದ ತಳಪಾಯ ಕುಸಿಯುತ್ತಿದೆಯೇ ಎಂದು ನೋಡಲು ನಾವು ಕಾರ್ಖಾನೆಯಲ್ಲಿ ಮಾಡುತ್ತಿದ್ದ ಉಪಾಯವೇ ಇದು.

ಮಾರ್ಚ್ ಮೊದಲ ವಾರ

ಗುತ್ತಿಗೆದಾರನೊಬ್ಬ ಬಂದು ನೋಡಿದ. ಹಳೆಯ ಗಿಲಾವು ಕೆರೆದು, ಜಾಳಿಗೆ ತಂತಿ ಹೊಡೆದು, ಒಳ್ಳೆಯ ಸಿಮೆಂಟಿನಲ್ಲಿ ಮುಕ್ಕಾಲು ಇಂಚು ಪ್ಲಾಸ್ಟರ್ ಮಾಡಿದರೆ ಮೂವತ್ತು ವರ್ಷ ಚಿಂತೆ ಇಲ್ಲ ಎಂದ. ನಾನು ಹೂಂ ಅನ್ನುವವನೇ ಇದ್ದೆ. ಸಿಮೆಂಟಿನಿಂದ ಹೊಟ್ಟೆ ಹೊರೆದ ಮನೆತನ ನಮ್ಮದು. ನಮ್ಮಪ್ಪ ಪ್ಯಾಕಿಂಗ್ ವಿಭಾಗದಿಂದ ಮನೆಗೆ ಬಂದರೆ ರೆಪ್ಪೆಯೂ ಬೂದು ಬಣ್ಣ. ಸಿಮೆಂಟನ್ನು ಅನುಮಾನಿಸುವುದು ನಮಗೆ ಅನ್ನವನ್ನು ಅನುಮಾನಿಸಿದ ಹಾಗೆ.

ತಡೆದವರು ಚಾಚಾ. ಎಪ್ಪತ್ತು ದಾಟಿದ ಗೌಂಡಿ, ಪಕ್ಕದ ಓಣಿಯವರು, ಈಗ ಕೆಲಸ ಬಿಟ್ಟಿದ್ದಾರೆ. ಚಹಾ ಕುಡಿಯಲು ಬಂದವರು ಗೋಡೆಯ ಬಿದ್ದ ಜಾಗಕ್ಕೆ ಕೈ ಹಾಕಿ ಒಳಗಿನ ಗಾರೆಯನ್ನು ಬೆರಳಲ್ಲಿ ಪುಡಿ ಮಾಡಿದರು.

"ಫಿಟ್ಟರ್ ಸಾಹೇಬರೇ, ಇದು ಸುಣ್ಣದ ಗೋಡೆ. ಉಸಿರಾಡುವ ಗೋಡೆಗೆ ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ."

ಅವರು ಹೇಳಿದ್ದನ್ನು ನನ್ನ ಭಾಷೆಗೆ ಇಳಿಸಿಕೊಂಡದ್ದು ಹೀಗೆ. ಫರಸಿ ಕಲ್ಲು, ಮಣ್ಣು, ಸುಣ್ಣದ ಗೋಡೆ ಕೆಳಗಿನ ಎರೆಮಣ್ಣಿನಿಂದ ಯಾವಾಗಲೂ ಸ್ವಲ್ಪ ತೇವ ಹೀರುತ್ತದೆ. ಸುಣ್ಣದ ಗಿಲಾವಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಆ ತೇವ ಅಲ್ಲಿಂದ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ದಾರಿ ಮುಚ್ಚುತ್ತದೆ. ತೇವ ಸಿಮೆಂಟಿನ ಹಿಂದೆ ಮೇಲೇರುತ್ತದೆ, ತಂದ ಉಪ್ಪನ್ನು ಅಲ್ಲೇ ಬಿಡುತ್ತದೆ, ಉಪ್ಪು ಹರಳುಗಟ್ಟಿ ಒಳಗಿನ ಗಾರೆಯನ್ನು ಹಿಟ್ಟು ಮಾಡುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ, ಹಿಂದೆ ಹಿಡಿದುಕೊಳ್ಳಲು ಏನೂ ಉಳಿಯದೆ ಒಂದು ದಿನ ಹಾರ್ಮೋನಿಯಂ ಪಕ್ಕ ಬೀಳುತ್ತದೆ.

ಇಷ್ಟಾಗಿ ಎರಡೂ ಒಂದೇ ಕಲ್ಲಿನ ಮಕ್ಕಳು. ಸುಣ್ಣಕಲ್ಲನ್ನು ಒಂಬೈನೂರು ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಸುಣ್ಣ. ಅದಕ್ಕೆ ಜೇಡಿ ಸೇರಿಸಿ ಸಾವಿರದ ನಾನೂರೈವತ್ತು ಡಿಗ್ರಿಗೆ ಒಯ್ದು, ಬಂದ ಗಟ್ಟಿಯನ್ನು ಸ್ವಲ್ಪ ಜಿಪ್ಸಂ ಜೊತೆ ಮಿಲ್ಲಿನಲ್ಲಿ ಅರೆದರೆ ಸಿಮೆಂಟ್. ಸುಡದೆ ಹಾಗೇ ಸೀಳಿದರೆ ಕಾಲ ಕೆಳಗಿನ ಫರಸಿ. ನಮ್ಮ ಚರ್ಚಿನಲ್ಲಿ ಮೂರೂ ಇವೆ.

ಗುತ್ತಿಗೆದಾರನಿಗೆ ಬೇಡ ಎಂದೆವು. ಸಭೆಯ ಕಮಿಟಿಯಲ್ಲಿ ಗದ್ದಲವಾಯಿತು. "ಕಾಲ ಹಿಂದಕ್ಕೆ ಹೋಗುತ್ತದೆಯೇ?" ಎಂದು ಹಿರಿಯರೊಬ್ಬರು ಕೇಳಿದರು. ಬಿದ್ದ ಸಿಮೆಂಟಿನ ತುಂಡನ್ನು ಮೇಜಿನ ಮೇಲೆ ಇಟ್ಟು, ಹಿಂಭಾಗ ತೋರಿಸಿದೆ. ಬೆರಳಿನಿಂದ ಒರೆಸಿದರೆ ಉದುರುವ ಮಣ್ಣು. ಒಪ್ಪಿಗೆ ಸಿಕ್ಕಿತು, ಪೂರ್ಣ ಮನಸ್ಸಿನಿಂದ ಅಲ್ಲ.

ಮಾರ್ಚ್ ಮೂರನೆಯ ವಾರ

ಸಿಮೆಂಟ್ ಬಿಡಿಸುವ ಕೆಲಸ. ಮೊದಲ ದಿನ ಡ್ರಿಲ್ಲಿಂಗ್ ಯಂತ್ರ ಹಚ್ಚಿದೆ. ಸಿಮೆಂಟಿನ ಜೊತೆ ಕಲ್ಲಿನ ಮೈಯೂ ಎದ್ದು ಬಂತು. ಯಂತ್ರ ಬಿಟ್ಟು ಉಳಿ ಹಿಡಿದೆವು. ಟೊಳ್ಳು ಇರುವ ಕಡೆ ಅಂಚಿನಿಂದ ಓರೆಯಾಗಿ ಮೆಲ್ಲಗೆ ತಟ್ಟಿದರೆ ಚಪಾತಿ ಎದ್ದ ಹಾಗೆ ಬರುತ್ತದೆ. ಗಟ್ಟಿಯಾಗಿ ಹಿಡಿದಿರುವ ಕಡೆ ಹಟ ಮಾಡಬಾರದು, ಅದು ಸಡಿಲವಾಗುವ ದಿನ ತಾನೇ ಹೇಳುತ್ತದೆ. ಉತ್ತರದ ಗೋಡೆಯ ಅರ್ಧ ಭಾಗದಲ್ಲಿ ಹಾಗೆಯೇ ಬಿಟ್ಟೆವು.

ಬಾಗಿಲ ಮೇಲಿನ ಭಾಗಕ್ಕೆ ಬಂದಾಗ ಕೆಲಸ ನಿಂತಿತು.

ಸಿಮೆಂಟಿನ ಮೇಲೆ ನಾವೆಲ್ಲ ನೋಡುತ್ತ ಬೆಳೆದ ನೀಲಿ ಅಕ್ಷರ: ಭಾರತದ ಮೆಥೋಡಿಸ್ಟ್ ಸಭೆ. ಆ ಹೆಸರು ಬಂದದ್ದು 1981ರಲ್ಲಿ, ಇಲ್ಲಿಯ ಸಭೆ ಸ್ವಾಯತ್ತವಾದಾಗ. ಹಾಗಾದರೆ ಅಕ್ಷರ ಬರೆದದ್ದು 1981ರ ಈಚೆ. ಆ ಸಿಮೆಂಟ್ ಪದರವನ್ನು ಬಿಡಿಸಿದರೆ ಒಳಗೆ ದಪ್ಪ ಸುಣ್ಣದ ಪದರ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಕನ್ನಡ ಮತ್ತು ಇಂಗ್ಲಿಷ್: ದಕ್ಷಿಣ ಏಷ್ಯಾದ ಮೆಥೋಡಿಸ್ಟ್ ಸಭೆ. ಸಿಮೆಂಟ್ ಹಿಡಿಯಲಿ ಎಂದು ಯಾರೋ ಆ ಅಕ್ಷರಗಳ ಮೇಲೆಲ್ಲ ಉಳಿಯಿಂದ ಕಚ್ಚು ಹಾಕಿದ್ದರು, ಸಿಡುಬು ಬಂದ ಮುಖದ ಹಾಗೆ ಕಾಣುತ್ತಿತ್ತು. ಚಾಚಾ ಒಂದು ಕಡೆ ಸುಣ್ಣದ ಪದರಗಳನ್ನು ಚಾಕುವಿನಿಂದ ಓರೆಯಾಗಿ ಕೆರೆಯುತ್ತ ಹೋದರು. ಬಿಳಿ, ತಿಳಿನೀಲಿ, ಬಿಳಿ, ಹಳದಿ, ಮತ್ತೆ ಬಿಳಿ. ಕ್ರಿಸ್‌ಮಸ್‌ಗೊಂದು ಬಳಿತ ಎಂದು ಎಣಿಸಲು ಹೊರಟೆ, ಇಪ್ಪತ್ತರ ನಂತರ ಕಣ್ಣು ಸೋತಿತು. ಎಲ್ಲಕ್ಕಿಂತ ಕೆಳಗೆ ಕಲ್ಲು. ಕಲ್ಲಿನಲ್ಲಿ ಕೊರೆದದ್ದು: ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್. ಮೊದಲು ಇಂಗ್ಲಿಷ್, ನಡುವೆ ಕನ್ನಡ, ಕೆಳಗೆ ಉರ್ದು.

ಉರ್ದು ಸಾಲನ್ನು ಚಾಚಾ ಓದಿದರು. ಕೊನೆಯಲ್ಲಿ ಅಂಕಿಗಳಿದ್ದವು: ಒಂದು, ಮೂರು, ನಾಲ್ಕು. ನಾಲ್ಕನೆಯ ಅಂಕಿ ಉಳಿಯ ಕಚ್ಚಿಗೆ ಹಾರಿಹೋಗಿತ್ತು.

"ಹದಿನಾಲ್ಕನೆಯ ಶತಮಾನವೇ?" ಎಂದ ಹಾರ್ಮೋನಿಯಂ ಹುಡುಗಿಯ ತಮ್ಮ. ಬಹಮನಿಗಳ ಕಾಲದಲ್ಲಿ ಮೆಥೋಡಿಸ್ಟರು! ಎಲ್ಲರೂ ನಕ್ಕೆವು. ಅದು ಫಸಲಿ ವರ್ಷ. ನಿಜಾಮರ ಸಂಸ್ಥಾನದ ಕಚೇರಿ ಲೆಕ್ಕವೆಲ್ಲ ಫಸಲಿಯಲ್ಲೇ ನಡೆಯುತ್ತಿತ್ತು; ಐನೂರ ತೊಂಬತ್ತು ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ವರ್ಷ. ಹೊಸ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. ಅಂದರೆ 1930ರ ಅಕ್ಟೋಬರಿನಿಂದ 1940ರ ಅಕ್ಟೋಬರಿನೊಳಗೆ ಯಾವುದೋ ಒಂದು ವರ್ಷ. ಇನ್ನೊಂದು ಸುಳಿವು ಹೆಸರಿನಲ್ಲೇ ಇದೆ. 1939ರಲ್ಲಿ ಅಮೆರಿಕದ ಮೂರು ಮೆಥೋಡಿಸ್ಟ್ ಸಭೆಗಳು ಒಂದಾದಾಗ 'ಎಪಿಸ್ಕೋಪಲ್' ಎಂಬ ಮಾತು ಬಿದ್ದುಹೋಯಿತು. ಆದ್ದರಿಂದ 1930ರಿಂದ 1939 ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಕಲ್ಲು ಕೊರೆಯುವವನಿಗೆ ಅಮೆರಿಕದ ಸುದ್ದಿ ಒಂದು ವರ್ಷ ತಡವಾಗಿ ಮುಟ್ಟಿದ್ದರೆ ನನ್ನ ಲೆಕ್ಕ ಅಷ್ಟು ತಪ್ಪು.

ನಮ್ಮ ಸಭೆಯಲ್ಲಿ ಎಲ್ಲರ ಬಾಯಲ್ಲೂ ಇದು 'ಬ್ರಿಟಿಷರು ಕಟ್ಟಿಸಿದ ನೂರೈವತ್ತು ವರ್ಷದ ಚರ್ಚು'. ಎರಡೂ ಸುಳ್ಳಾದವು. ಇಲ್ಲಿ ಆಳಿದವರು ನಿಜಾಮರು, ಮಿಷನ್ನಿನವರು ಅಮೆರಿಕದವರು, ಕಟ್ಟಿದವರು ಊರಿನ ಗೌಂಡಿಗಳು. ಒಂದಿಬ್ಬರು ಹಿರಿಯರಿಗೆ ಐವತ್ತು ಅರವತ್ತು ವರ್ಷ ಕಡಿಮೆಯಾದದ್ದು ಆಸ್ತಿ ಕಳೆದುಕೊಂಡಷ್ಟು ಬೇಸರ ತಂದಿತು. ಎರಡನೆಯ ಪದರದ ಬರಹದಲ್ಲಿ ಉರ್ದು ಸಾಲು ಇಲ್ಲ ಎಂಬುದನ್ನು ಗಮನಿಸಿದವರು ಚಾಚಾ. ಅವರು ಏನೂ ಹೇಳಲಿಲ್ಲ, ಬೆರಳು ಇಟ್ಟು ತೋರಿಸಿದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ ಒಂದರಂದು ನಾವು ಕನ್ನಡ ನಾಡಿಗೆ ಸೇರಿದೆವು. ಆ ನಡುವೆಯೋ ಅದಾದ ಮೇಲೋ ಯಾರೋ ಕುಂಚ ಹಿಡಿದಿದ್ದಾರೆ. ಕಲ್ಲಿನ ಬರಹವನ್ನು ಮುಚ್ಚದಿರಲು ತೀರ್ಮಾನವಾಯಿತು. ಇದಕ್ಕೆ ಕಮಿಟಿಯಲ್ಲಿ ಗದ್ದಲವಾಗಲಿಲ್ಲ.

ಏಪ್ರಿಲ್

ಈ ತಿಂಗಳು ಎರಡು ಪೆಟ್ಟು ತಿಂದೆ.

ಭಟ್ಟಿಯಿಂದ ಸುಟ್ಟ ಸುಣ್ಣದ ಕಲ್ಲು ತಂದೆವು. ಗುಂಡಿ ತೋಡುವುದು ಏಕೆ ಎಂದು ನಾನು ಮನೆಯ ಹಳೆಯ ಪ್ಲಾಸ್ಟಿಕ್ ಡ್ರಮ್ಮಿಗೆ ಸುಣ್ಣ ಹಾಕಿ ನೀರು ಸುರಿದೆ. ನೀರು ಕುದಿಯತೊಡಗಿತು. ಸುಣ್ಣ ಅರಳುವಾಗ ಬಿಸಿಯಾಗುತ್ತದೆ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಡ್ರಮ್ಮಿನ ಹೊಟ್ಟೆ ಉಬ್ಬಿ, ಮೆತ್ತಗಾಗಿ, ಒಂದು ಕಡೆ ವಾಲಿತು. ಬಿಳಿ ಕೆಸರೆಲ್ಲ ಅಂಗಳಕ್ಕೆ. ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿದ್ದರಿಂದ ಬಚಾವಾದೆ. ಈ ಕೆಲಸಕ್ಕೆ ಕೈ ಹಾಕುವವರು ಬೇರೆಲ್ಲ ಮರೆತರೂ ಕನ್ನಡಕ ಮರೆಯಬಾರದು, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲೇಬೇಕು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು ಎಂದು ಚಾಚಾ ಆಮೇಲೆ ಹೇಳಿದರು. "ಮೊದಲೇ ಏಕೆ ಹೇಳಲಿಲ್ಲ?" ಎಂದೆ. "ನೀವು ಕೇಳಲಿಲ್ಲ" ಎಂದರು.

ಗುಂಡಿ ತೋಡಿ, ಫರಸಿ ಹಾಸಿ, ಸುಣ್ಣ ಅರಳಿಸಿ, ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದೆವು. ಬೆಣ್ಣೆಯಾಗಲು ಕನಿಷ್ಠ ಮೂರು ವಾರ. ನಾನು ಹತ್ತನೆಯ ದಿನಕ್ಕೇ ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಕಲಸಿ ತೆಂಕಣ ಗೋಡೆಗೆ ಬಳಿದುಬಿಟ್ಟೆ. ಹೊರಗೆ ನಲವತ್ತೆರಡು ಡಿಗ್ರಿ. ಸಂಜೆಯ ಹೊತ್ತಿಗೆ ಬತ್ತಿದ ಕೆರೆಯ ಅಂಗಳದ ಹಾಗೆ ಬಿರಿಯಿತು. ಮರುದಿನ ಅರಳದೆ ಉಳಿದಿದ್ದ ಸಣ್ಣ ಹರಳುಗಳು ಗೋಡೆಯಲ್ಲೇ ಅರಳಿ ಪುಟ್ಟ ಪುಟ್ಟ ಗುಳಿ ಬಿದ್ದವು. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಸುಣ್ಣ ಹಾಗಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ನಿಧಾನವಾಗಿ ಕಲ್ಲಾಗುತ್ತದೆ, ಅದೂ ತೇವ ಇದ್ದರೆ ಮಾತ್ರ. ನಮ್ಮ ಏಪ್ರಿಲ್ ಅದಕ್ಕೆ ಸಮಯ ಕೊಡುವುದಿಲ್ಲ.

"ಸುಣ್ಣಕ್ಕೆ ಅವಸರ ಇಲ್ಲ ಸಾಹೇಬರೇ, ನಿಮಗೆ ಇದೆ."

ಬಳಿದದ್ದನ್ನೆಲ್ಲ ಕೆರೆದು ತೆಗೆದೆ. ಗೋಡೆಯ ಕೆಲಸ ಮಳೆಗಾಲಕ್ಕೆ ಬಿಟ್ಟು, ಗುಂಡಿಯ ಬಾಯಿಗೆ ಗೋಣಿ ತಟ್ಟು ಮುಚ್ಚಿದೆವು.

ಮೇ ತಿಂಗಳ ಮಧ್ಯಾಹ್ನಗಳು

ಕೆಲಸ ಇಲ್ಲದ ಹೊತ್ತಿನಲ್ಲಿ ಅಯ್ಯನವರ ಕಪಾಟಿನ ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆರೆದೆವು. ಮೊದಲ ಪುಟಗಳನ್ನು ಗೆದ್ದಲು ಮುಗಿಸಿದೆ. ಉಳಿದದ್ದರಲ್ಲಿ ನಾನು ಓದಿದ್ದು ಹೆಸರುಗಳನ್ನಲ್ಲ, 'ತಂದೆಯ ಉದ್ಯೋಗ' ಎಂಬ ಅಂಕಣವನ್ನು. ಮೊದಮೊದಲು ಹೊಲದ ಕೂಲಿ, ಚಪ್ಪಲಿ ಹೊಲಿಗೆ. ನಡುವೆ ಒಂದೊಂದಾಗಿ ಕಲ್ಲುಗಣಿ. ಬರಬರುತ್ತ ಪುಟದ ತುಂಬ ಕಾರ್ಖಾನೆ: ಗಣಿ, ಭಟ್ಟಿ, ಪ್ಯಾಕಿಂಗ್, ಲೋಕೋ. ಈ ಭಾಗದ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ದಲಿತ ಕುಟುಂಬದವರು. ಊರ ಬಾವಿಗೆ ಸೇರಿಸದಿದ್ದವರ ಹೆಸರನ್ನು ಕಾರ್ಖಾನೆಯ ಹಾಜರಿ ಪುಸ್ತಕ ಸೇರಿಸಿಕೊಂಡಿತು. ನಮ್ಮಜ್ಜ ಆ ಅಂಕಣದಲ್ಲಿ 'ಕೂಲಿ', ನಮ್ಮಪ್ಪ 'ಪ್ಯಾಕರ್', ನಾನು ನನ್ನ ಮಗಳ ಸಾಲಿನಲ್ಲಿ 'ಫಿಟ್ಟರ್'. ಇತ್ತೀಚಿನ ಪುಟಗಳಲ್ಲಿ ಉದ್ಯೋಗ ಎಲ್ಲಿ ಎಂಬುದೇ ಉದ್ಯೋಗ: ಹೈದರಾಬಾದ್, ಪುಣೆ. ಅವರೆಲ್ಲ ಕ್ರಿಸ್‌ಮಸ್‌ಗೂ ನವೆಂಬರಿನಲ್ಲಿ ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟ್ ಜಾತ್ರೆಯ ದಿನಗಳಲ್ಲಿಯೂ ಬರುತ್ತಾರೆ, ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಜೂನ್, ಮಳೆಗೆ ಮೊದಲು

ಈ ಭಾಗ ನನ್ನದು, ಏಕೆಂದರೆ ಇದು ಕಬ್ಬಿಣ.

ಚರ್ಚಿನ ಛಾವಣಿಯ ತೊಲೆಗಳು ಮರದವಲ್ಲ, ರೈಲು ಹಳಿಗಳು. ಎರಡೂವರೆ ಅಡಿಗೊಂದು ಹಳಿ, ಅದರ ಮೇಲೆ ಫರಸಿ ಚಪ್ಪಡಿ, ಅದರ ಮೇಲೆ ಸುಣ್ಣ, ಇಟ್ಟಿಗೆ ಚೂರಿನ ಗಚ್ಚು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ರೈಲ್ವೆ ಹಳಿ ಬದಲಿಸಿದಾಗ ಹಳೆಯವು ಗುಜರಿಗೆ ಬರುತ್ತಿದ್ದವು. ಒಂದರ ಮೈಯಲ್ಲಿ ಬಣ್ಣ ಕೆರೆದಾಗ ಉಬ್ಬು ಅಕ್ಷರ ಸಿಕ್ಕಿತು, ಜಿ ಮತ್ತು ಐ ಸ್ಪಷ್ಟ. ಮುಂದಿನದನ್ನು ತುಕ್ಕು ತಿಂದಿತ್ತು.

ಪೆಟ್ಟು ಇದ್ದದ್ದು ಹಳಿಗಳ ತುದಿಯಲ್ಲಿ, ಗೋಡೆಯೊಳಗೆ ಕೂತಿರುವ ಒಂದು ಅಡಿಯಲ್ಲಿ. ಕಬ್ಬಿಣ ತುಕ್ಕಾದರೆ ಹಲವು ಪಟ್ಟು ಉಬ್ಬುತ್ತದೆ. ಛಾವಣಿಯ ಮೇಲೆ ಯಾವಾಗಲೋ ಹಾಕಿದ ಸಿಮೆಂಟಿನ ಹಾಸು ಬಿಸಿಲಿಗೆ ಬಿರಿದು, ನೀರು ಇಳಿದು, ಹಳಿ ಉಬ್ಬಿ ಗೋಡೆಯನ್ನೇ ಎತ್ತಿತ್ತು. ಛಾವಣಿಯ ಕೆಳಗೆ ಅಡ್ಡಲಾಗಿ ಓಡಿದ ಬಿರುಕಿನ ಗುಟ್ಟು ಅದು. ಒಂದೊಂದೇ ಹಳಿಯ ಕೆಳಗೆ ಜ್ಯಾಕ್ ಕಂಬ ನಿಲ್ಲಿಸಿ, ತುದಿಯ ಸುತ್ತ ಗೋಡೆ ಬಿಡಿಸಿ, ತಂತಿ ಬ್ರಷ್ಷಿನಿಂದ ಬೆಳ್ಳಗಾಗುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಎರಡು ಕೈ, ಅದರ ಮೇಲೆ ಬಿಟುಮೆನ್ ಬಳಿದು, ಮತ್ತೆ ಕಲ್ಲು ಕೂರಿಸಿದೆ. ಹಳಿಗೂ ಕಲ್ಲಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟೆ, ಇನ್ನು ಮುಂದೆ ಉಬ್ಬಿದರೆ ಉಬ್ಬಲಿ. ಹದಿನಾರು ಹಳಿ, ಮೂವತ್ತೆರಡು ತುದಿ, ಹತ್ತೊಂಬತ್ತು ದಿನ. ಬೇವಿನ ಮರದ ಗಂಟೆಯ ತುಂಡಿಗೆ ಕ್ಯಾಲಿಪರ್ ಹಿಡಿದು ನೋಡಿದೆ: ತಲೆಯ ಅಗಲ, ನಡುವಿನ ದಪ್ಪ ಎರಡೂ ತೊಲೆಗಳದ್ದೇ. ಛಾವಣಿಗೆ ಕೊಯ್ದು ಉಳಿದ ತುಂಡನ್ನು ಬಿಸಾಡದೆ ಮರಕ್ಕೆ ಕಟ್ಟಿದ್ದಾರೆ.

ಗಚ್ಚಿನ ಕೆಲಸಕ್ಕೆ ಮಹಿಳಾ ಸಂಘದವರು ಬಂದರು. ಸುಣ್ಣ ಒಂದು, ಸುರ್ಕಿ (ಇಟ್ಟಿಗೆ ಪುಡಿ) ಒಂದು, ಮರಳು ಎರಡು, ಜೊತೆಗೆ ಇಟ್ಟಿಗೆ ಚೂರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಚಪ್ಪಡಿಯ ಮೇಲೆ ಮೂರು ಇಂಚು ಹರಡಿ, ಇಳಿಜಾರು ಕೊಟ್ಟು, ಮರದ ಬಡಿಗೆಯಿಂದ ಮೂರು ದಿನ ಬಡಿದರು. ಬೆಳಿಗ್ಗೆ ಆರರಿಂದ ಒಂಬತ್ತು, ಮತ್ತೆ ಸಂಜೆ. ಬಡಿಗೆ ಮೇಲಕ್ಕೆ ಪುಟಿಯತೊಡಗಿದರೆ ಗಚ್ಚು ಕೂತಿತು ಎಂದು ಅರ್ಥ. ಬೆಲ್ಲಕ್ಕೆ ಊರಿನ ಇರುವೆಗಳೆಲ್ಲ ಬಂದವು.

ಜುಲೈ, ಆಗಸ್ಟ್

ಚರ್ಚಿನ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಅಂಚು ಇತ್ತು, ಕೆಸರಾಗದಿರಲಿ ಎಂದು ಹಾಕಿದ್ದು. ಅದನ್ನು ಒಡೆದು ತೆಗೆದು, ಒಂದೂವರೆ ಅಡಿ ಎರೆಮಣ್ಣು ಎತ್ತಿ, ಮೊರಂ ಮತ್ತು ಜಲ್ಲಿ ತುಂಬಿ, ನೀರು ಚರಂಡಿಗೆ ಹರಿಯುವ ಹಾಗೆ ಓಟ ಕೊಟ್ಟೆವು. ಗೋಡೆಯ ಬುಡ ಒಣಗತೊಡಗಿದ್ದು ಇದಾದ ಮೇಲೆಯೇ. ಮೊದಲು ಮಾಡಬೇಕಿದ್ದ ಕೆಲಸವನ್ನು ಐದನೆಯದಾಗಿ ಮಾಡಿದೆ.

ಗುಂಡಿಯ ಸುಣ್ಣ ಅಷ್ಟರಲ್ಲಿ ಮೊಸರಿನ ಕೆನೆಯಂತಾಗಿತ್ತು. ಈ ಸಲ ಗೋಡೆಯನ್ನು ಹಿಂದಿನ ಸಂಜೆಯೇ ನೆನೆಸಿ, ತೆಳುವಾಗಿ ಎರಡು ಪದರ, ಪದರದ ನಡುವೆ ಎರಡು ವಾರ, ಮೇಲೆ ಒದ್ದೆ ಗೋಣಿ ತಟ್ಟು. ಬಿರಿಯಲಿಲ್ಲ. ಬಣ್ಣದಂಗಡಿಯವನು ಡಿಸ್ಟೆಂಪರ್ ತೋರಿಸಿದ, ಬೇಡ ಎಂದು ಸುಣ್ಣವನ್ನೇ ಬಳಿದೆವು.

ಅಕ್ಟೋಬರ್ ಮೊದಲ ಭಾನುವಾರ

ಐದು ಗಾಜುಗಳಲ್ಲಿ ನಾಲ್ಕು ಮಳೆಗಾಲ ದಾಟಿವೆ. ಈಶಾನ್ಯ ಮೂಲೆಯದು ಒಡೆದಿದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟಿದ್ದ ಬಿರುಕು ಎರೆಮಣ್ಣು ನೀರು ಕುಡಿದು ಉಬ್ಬಿದಾಗ ಮುಚ್ಚಿಕೊಂಡಿದೆ, ಗಾಜು ತಾಳಲಿಲ್ಲ. ಆ ಮೂಲೆಗೆ ಹತ್ತಿರದಲ್ಲೇ ನಲ್ಲಿ ಇದೆ, ನೀರು ಅಲ್ಲೇ ನಿಲ್ಲುತ್ತದೆ. ನಲ್ಲಿಯನ್ನು ಬೇವಿನ ಮರದ ಕಡೆ ಸರಿಸಬೇಕು, ಪೈಪು ತಂದಿದ್ದೇನೆ.

ಆರಾಧನೆಗೆ ಮೊದಲು ಹೊಸ ಗಾಜು ಅಂಟಿಸಿ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಿದ್ದೆ. ಹಾರ್ಮೋನಿಯಂ ಹುಡುಗಿ ಬಂದು, ಆ ಮೂಲೆಗೆ ಮಾತ್ರ ಏಕೆ ಇನ್ನೂ ಸುಣ್ಣ ಬಳಿದಿಲ್ಲ ಎಂದು ಕೇಳಿದಳು. ಮುಂದಿನ ಮಳೆ ನೋಡಿಕೊಂಡು ಬಳಿಯೋಣ ಎಂದೆ. ಅವಳು ಹಾರ್ಮೋನಿಯಂ ಅನ್ನು ಎರಡು ಅಡಿ ಈಚೆಗೆ ಎಳೆದುಕೊಂಡಳು.